ಬದುಕಿದ್ದವರ ಮರಣ ನೋಂದಣಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಚಿತ್ತಾಪುರ ಠಾಣೆಗೆ ಬಂದ ನಂದಕಿಶೋರ್ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಿದರು.

"ಸಾಹೇಬ್ರ, ನಾ ಸತ್ತೀನಂತ ಬರಾಕತ್ತದ್ರಿ."

ಇನ್‌ಸ್ಪೆಕ್ಟರ್ ದೇವಿಂದ್ರಪ್ಪ ಪೆನ್ನು ಕೆಳಗಿಟ್ಟರು. "ಕುಂದ್ರಿ. ಎಲ್ಲಿ ಬರಾಕತ್ತದ?"

"ಎಲ್ಲಾ ಕಡಿ."

ಕಂದಾಯ, ಪಡಿತರ, ಆರೋಗ್ಯ, ಪಿಂಚಣಿ ಕಚೇರಿಗಳನ್ನು ಒಂದೇ ಜಾಲಕ್ಕೆ ಬೆಸೆದ ಸಂಯುಕ್ತ ಸೇವಾ ಕೋಶಕ್ಕೆ ನಂದಕಿಶೋರ್ ಮುಖ್ಯಸ್ಥರು. ಸೇಡಂನಿಂದ ಚಿಂಚೋಳಿಯವರೆಗೆ ಯಾವ ಕಚೇರಿಯಲ್ಲಿ ಏನು ನಮೂದಾದರೂ ಅದು ಉಳಿದೆಲ್ಲ ಕಚೇರಿಗಳಿಗೆ ತಾನಾಗಿ ಹೋಗುತ್ತಿತ್ತು. ಈಗ ಆ ಜಾಲದಲ್ಲಿ ಯಾರೋ ಅವರ ಮರಣವನ್ನೇ ನೋಂದಾಯಿಸಿದ್ದರು. ಸಂಬಳ ನಿಂತಿತ್ತು. ಹೆಂಡತಿ ಪದ್ಮಾಬಾಯಿಯ ಹೃದಯದ ಶಸ್ತ್ರಚಿಕಿತ್ಸೆಯೂ ನಿಂತಿತ್ತು. ಗಂಡನ ಹೆಸರಿನ ಆರೋಗ್ಯ ಕಾರ್ಡು ರದ್ದಾಗಿದೆ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು.

"ನಿಮ್ಮದೇ ಜಾಲ. ತಿದ್ರಿ."

"ಬರಂಗಿಲ್ರಿ. ಒಂದು ಕಚೇರಿ ಹಾಕಿದ್ದು ಇನ್ನೊಂದು ಕಚೇರಿ ತಿದ್ದಬಾರದಂತ ನಿಯಮ ಅದ. ವಾಡಿ ಕೇಂದ್ರದಿಂದ ಹಾಕ್ಯಾರ. ಅವ್ರು ನಾವು ಹಾಕೇ ಇಲ್ಲ ಅಂತಾರ. ಹಾಕಿಲ್ಲಂದ್ರ ತಿದ್ಲಿಕ್ಕೂ ಬರಲ್ಲಂತ."

"ಯಾರು ಮಾಡಿದ್ದು ಈ ನಿಯಮ?"

ನಂದಕಿಶೋರ್ ಕಿಟಕಿಯತ್ತ ನೋಡಿದರು. "ನಾನೇ."

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಜಾಲದಿಂದ ತೆಗೆಸಿದ ಪ್ರತಿಯನ್ನು ದೇವಿಂದ್ರಪ್ಪ ಓದಿದರು. ಮರಣದ ಕಾರಣ ಎಂಬಲ್ಲಿ 'ಅರ್ಜಿ ಪರಿಶೀಲನೆಯಲ್ಲಿದೆ' ಎಂದು ಬರೆದಿತ್ತು. ಅವರು ಹಾಳೆಯನ್ನು ಹೆಡ್ ಕಾನ್‌ಸ್ಟೇಬಲ್ ಹಮೀದಾಬೇಗಂ ಕೈಗಿಟ್ಟರು.

"ಇದು ರೊಕ್ಕದ ಆಸೆಗೆ ಮಾಡಿದ್ದಲ್ರಿ ಸಾಹೇಬ್ರ," ಎಂದರು ಆಕೆ. "ಯಾರೋ ಹಲ್ಲು ಕಡದು ಬರದಾರ."

ಮಧ್ಯಾಹ್ನ ವಾಡಿಯ ಸೇವಾ ಕೇಂದ್ರದಲ್ಲಿ ದೇವಿಂದ್ರಪ್ಪ ಇಬ್ಬರು ಪಂಚರ ಸಮಕ್ಷಮ ಕಂಪ್ಯೂಟರ್ ಜಪ್ತಿ ಮಾಡಿ ಪಂಚನಾಮೆ ಬರೆದರು. ಕೇಂದ್ರದ ಉಸ್ತುವಾರಿ ರಾಮಲಿಂಗನ ಅಂಗಿ ಬೆನ್ನಿಗೆ ಅಂಟಿತ್ತು.

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಎಲ್ಲಾರಿಗೂ ಗೊತ್ತದ್ರಿ. ಎಲ್ಲಾ ಕಚೇರಿಗೂ ಒಂದೇ ಪಾಸ್‌ವರ್ಡ್. ಕೆಲಸ ನಿಲ್ಲಬಾರದಂತ ನಂದಕಿಶೋರ್ ಸಾಹೇಬ್ರೇ ಹಂಗ ಇಡಿಸ್ಯಾರ."

"ನಮೂದಾದ ದಿನ ಇಲ್ಲಿ ಯಾರು ಕುಂತಿದ್ರು?"

"ನಾನೇ ಇದ್ದೆ. ನಡುವ ಊಟಕ್ಕ ಹೋಗಿದ್ದೆ. ಆಗ ಶಹಾಬಾದಿನಿಂದ ಮಷೀನ್ ರಿಪೇರಿಗಿ ಒಬ್ಬಾಕಿ ಬಂದಿದ್ಲು. ಐಶ್ವರ್ಯ ಅಂತ. ಆ ಹುಡುಗಿಗೇನು ಸಂಬಂಧ್ರಿ ಇದಕ್ಕ?"

ಸಂಬಂಧ ಸಿಕ್ಕಿದ್ದು ನಂದಕಿಶೋರರ ಮನೆಯಲ್ಲಿ. ನಿಮ್ಮ ಮೇಲೆ ದ್ವೇಷ ಯಾರಿಗಿದೆ ಎಂದು ದೇವಿಂದ್ರಪ್ಪ ಕೇಳಿದರೆ ಅವರು ಯಾರಿಗೂ ಇಲ್ಲ ಎಂದರು. ಒಳಗಿನ ಮಂಚದ ಮೇಲಿಂದ ಪದ್ಮಾಬಾಯಿ ಮಾತಾಡಿದರು. ಒಂದೊಂದು ಮಾತಿಗೂ ಉಸಿರು ಕಟ್ಟುತ್ತಿತ್ತು.

"ಶಹಾಬಾದಿನಿಂದ ಒಂದು ಹುಡುಗಿ ಬಂದಿತ್ತಲ್ಲ, ಮರತ್ರೇನು? ಅವ್ವನ್ನ ಆಟೋದಾಗ ಕುಂದ್ರಿಸ್ಕೊಂಡು. ನೋಡ್ರಿ, ನಮ್ಮವ್ವ ಸತ್ತಿಲ್ಲ, ಇಲ್ಲೇ ಕುಂತಾಳ ಅಂತ ಅಳ್ತಿತ್ತು. ನೀವು ಗೇಟ್ ತೆಗೀಲಿಲ್ಲ."

"ಮನೀಗಿ ಬಂದ್ರ ಏನು ಮಾಡ್ಲಿ? ಅರ್ಜಿ ಪರಿಶೀಲನೆಯಲ್ಲಿದೆ ಅಂತ ಹೇಳಿದ್ನಲ್ಲ," ಎಂದ ನಂದಕಿಶೋರ್ ಮರುಕ್ಷಣವೇ ಬಾಯಿ ಮುಚ್ಚಿಕೊಂಡರು. ಆ ಮಾತು ಎಲ್ಲಿ ಓದಿದ್ದೆಂಬುದು ಅವರಿಗೆ ಹೊಳೆದಿತ್ತು.

ಬುಧವಾರ ಸಂಜೆ ಶಹಾಬಾದಿನ ಪರಸಿ ಕಲ್ಲು ಹಾಸಿದ ಓಣಿಯಲ್ಲಿ ಜೀಪು ನಿಂತಿತು. ಐಶ್ವರ್ಯ ಬಾಗಿಲಲ್ಲೇ ಇದ್ದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಎಣ್ಣೆ ಕಾಣದ ತಲೆ.

"ನೀನೇ ಹಾಕಿದ್ಯಾ?" ಎಂದರು ದೇವಿಂದ್ರಪ್ಪ.

"ಹೌದ್ರಿ. ನಾನೇ."

"ಯಾಕ?"

"ಅವ್ರೂ ಬಾಗಿಲು ಬಾಗಿಲು ತಿರುಗ್ಲಿ ಅಂತ."

ಅವಳ ತಾಯಿ ಮಹಾದೇವಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಕಾಳಗಿ ಕಡೆ ಅದೇ ಹೆಸರಿನ ಇನ್ನೊಬ್ಬಾಕೆ ತೀರಿಕೊಂಡಾಗ ಮರಣ ಈ ಮಹಾದೇವಮ್ಮನ ಖಾತೆಗೆ ಬಿದ್ದಿತ್ತು. ಕಾರ್ಡು ನಿಂತಿತು. ಆರೋಗ್ಯ ಕಚೇರಿ ಕಂದಾಯದ ಕಡೆ ತೋರಿಸಿತು, ಕಂದಾಯದವರು ಕಾಳಗಿಯ ಕಡೆ ತೋರಿಸಿದರು, ಕಾಳಗಿಯವರು ನಂದಕಿಶೋರರ ಕೋಶದ ಕಡೆ. ಸಾಲ ಮಾಡಿ ನಾಲ್ಕು ಸಲ ಡಯಾಲಿಸಿಸ್ ಮಾಡಿಸಿದಳು. ಐದನೆಯದಕ್ಕೆ ತಾಯಿ ಉಳಿಯಲಿಲ್ಲ.

"ಹುಚ್ಚು ಹಿಡದಂಗ ಆಗಿತ್ರಿ. ಆ ಮನುಷ್ಯಾನ ಹೆಸರು ಒಂದೊಂದೇ ಅಕ್ಷರ ನೋಡ್ಕೊಂತ ಟೈಪ್ ಮಾಡ್ದೆ. ಅವತ್ತು ಭಾಳ ದಿನದ ಮ್ಯಾಲ ಹೊಟ್ಟಿ ತುಂಬ ಊಟ ಮಾಡ್ದೆ."

"ಅವ್ರ ಹೆಂಡ್ತಿ ಆಪರೇಶನ್ ನಿಂತದ. ಗೊತ್ತದೇನು?"

"ನಿಲ್ತದಂತ ಗೊತ್ತಿದ್ದೇ ಮಾಡ್ದೆ."

"ಆಕಿ ನಿನಗೇನು ಮಾಡಿದ್ಲು?"

ಐಶ್ವರ್ಯ ಮೊದಲ ಸಲ ತಲೆ ತಗ್ಗಿಸಿದಳು. "ಹಿಂದಿನ ಬಾಗಿಲಿನಿಂದ ಬಂದು ನಮ್ಮವ್ವಗ ನೀರು ಕೊಟ್ಟಿದ್ರು."

ಹಮೀದಾಬೇಗಂ ಅವಳ ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಅವಳು ಕೊಸರಾಡಲಿಲ್ಲ. ವಾಡಿ ಕೇಂದ್ರದಿಂದಲೇ ನಮೂದು ಹಿಂಪಡೆಯುವಂತೆ ನ್ಯಾಯಾಲಯದ ಆದೇಶ ಪಡೆಯಲು ದೇವಿಂದ್ರಪ್ಪ ದಾರಿಯಲ್ಲೇ ವಕೀಲರಿಗೆ ಫೋನು ಮಾಡಿದರು. ಪದ್ಮಾಬಾಯಿಗೆ ಕಾಯುವಷ್ಟು ಶಕ್ತಿ ಇರಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಐಶ್ವರ್ಯ ಒಂದೇ ಒಂದು ಬೇಡಿಕೆ ಇಟ್ಟಳು.

"ನಮ್ಮವ್ವ ಸತ್ತ ತಾರೀಖು ಇದ್ರಾಗ ಬರೀರಿ ಸಾಹೇಬ್ರ. ಮಣ್ಣು ಮಾಡಿ ಬಂದು ನೋಂದಣಿಗಿ ಹೋದ್ರ, ಆಕಿದು ಮೊದಲೇ ಆಗ್ಯಾದ, ಎರಡು ಸಲ ಸಾಯ್ಲಿಕ್ಕಿ ಬರಲ್ಲ ಅಂತ ನಕ್ರು. ಆಕಿ ಖರೇ ಸತ್ತ ದಿನ ಸರ್ಕಾರದ ಯಾವ ಕಾಗದದಾಗೂ ಇಲ್ಲ."

ದೇವಿಂದ್ರಪ್ಪ ತಾರೀಖು ಕೇಳಿದರು. ಅವಳು ಹೇಳಿದಳು. ಅವರು ಅದನ್ನು ಅಂಕಿಯಲ್ಲಿ ಬರೆದು, ಪಕ್ಕದಲ್ಲಿ ಅಕ್ಷರದಲ್ಲೂ ಬರೆದು, ಕೆಳಗೆ ಠಾಣೆಯ ಮೊಹರು ಒತ್ತಿದರು.