ಕಿವಿ ಮೇಸ್ತ್ರಿ ಆರಿಸಿದ ಕಾರು

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳು ದೊಡ್ಡಾಸ್ಪತ್ರೆಯ ನರ್ಸ್. ಎರಡು ದಿನದಿಂದ ಅದೇ ಆಸ್ಪತ್ರೆಯಲ್ಲಿ ರೋಗಿಯ ಕಡೆಯವಳಾಗಿ ಬೆಂಚಿನ ಮೇಲೆ ಕೂತು ಕೂತು ಅವಳಿಗೆ ಸಾಕಾಗಿ ಹೋಗಿತ್ತು.

"ಯಾರ ಮೇಲೆ ದೂರು?" ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮಣ್ಣನಿಗೆ ಕಾರು ಮಾರಿದವನ ಮೇಲೆ."

"ಮೊದಲಿಂದ ಹೇಳಿ."

ಅಣ್ಣ ಸರ್ವೇಯರ್. ವಯಸ್ಸು ಐವತ್ತೊಂದು, ಮದುವೆಯಾಗಿಲ್ಲ, ತಾಯಿಯ ಜೊತೆ ವಾಸ. ತಾಯಿಗೆ ಮಂಡಿ ಮಡಚಲು ಬರುವುದಿಲ್ಲ, ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರೆ ಇಳಿಸುವಷ್ಟರಲ್ಲಿ ಇಬ್ಬರಿಗೂ ಕಣ್ಣಲ್ಲಿ ನೀರು. ಹೊಸ ದೊಡ್ಡ ಕಾರು ಕೈಗೆಟುಕುವ ಮಾತಲ್ಲ. ಹೊಸ ಸಣ್ಣ ಕಾರಿನ ಬೆಲೆಗೆ, ಕಂಪನಿ ಅಧಿಕಾರಿಗಳು ಓಡಾಡುವಂಥ ಏಳು ವರ್ಷ ಹಳೆಯ ಎಕ್ಸಿಕ್ಯೂಟಿವ್ ಕಾರು ಕೊಂಡಿದ್ದ. ಅದನ್ನು ಹುಡುಕಲು ಐದು ತಿಂಗಳು ಹಿಡಿದಿತ್ತು. ಜನವರಿ ಇಪ್ಪತ್ತಕ್ಕೆ ಕಾರು ಮನೆಗೆ ಬಂತು. ಮೊನ್ನೆ ಶನಿವಾರ ಹನ್ನೊಂದು ಇಪ್ಪತ್ತಕ್ಕೆ, ಬೈಪಾಸ್ ರಸ್ತೆಯ ಏರಿನಲ್ಲಿ, ಯಾರೋ ಕೀಲಿ ತಿರುಗಿಸಿದ ಹಾಗೆ ಎಂಜಿನ್ ಆಫ್ ಆಯಿತು. ಹಿಂದಿದ್ದ ಲಾರಿ ಬಲಗಡೆಗೆ ತಪ್ಪಿಸಲು ಹೋಗಿ ಚಾಲಕನ ಬಾಗಿಲಿಗೇ ಗುದ್ದಿತು.

"ಅಮ್ಮನಿಗೆ ತರಚಿದ ಗಾಯ ಅಷ್ಟೇ. ಅಣ್ಣನ ಬಲಗಾಲು ನಿನ್ನೆ ಬೆಳಿಗ್ಗೆ ಮಂಡಿ ಕೆಳಗೆ ತೆಗೆದ್ರು." ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಸರ್ವೇಯರ್ ಅವ್ನು. ನಡೆಯೋದೇ ಅವ್ನ ಕೆಲಸ. ಇದು ಯಾರಿಂದ ಆಯ್ತು ಅಂತ ನನಗೆ ಗೊತ್ತಾಗಬೇಕು ಸಾರ್, ಅಷ್ಟೇ."

ಹತ್ತೂಕಾಲು ಗಂಟೆಗೆ FIR ದಾಖಲಾಯಿತು. ಆರೋಪಿ ಸ್ಥಾನದಲ್ಲಿ ಹಳೆ ಕಾರುಗಳ ಡೀಲರ್‌ನ ಹೆಸರು.

ಡೀಲರ್‌ನ ಶೆಡ್ಡಿನಲ್ಲಿ ಹನ್ನೊಂದು ಕಾರುಗಳಿದ್ದವು. ಎಲ್ಲವೂ ಮದುವೆಗೆ ಹೊರಟಂತೆ ಮಿಂಚುತ್ತಿದ್ದವು. ಇನ್ಸ್‌ಪೆಕ್ಟರ್ ಬೂದು ಬಣ್ಣದ ಒಂದರ ಮುಂದೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತರು. ಹೆಡ್ ಕಾನ್‌ಸ್ಟೇಬಲ್ ಕೆಮ್ಮಿದರು. ಸಾಹೇಬರು ಒಂದು ವರ್ಷದಿಂದ ಇಂಥದ್ದೇ ಕಾರು ಹುಡುಕುತ್ತಿರುವುದು ಠಾಣೆಗೆಲ್ಲ ಗೊತ್ತಿದ್ದ ವಿಷಯ.

"ಒಬ್ಬರಿಗೆ ಐದು ಸೀಟು ಯಾಕೆ ಸಾರ್?" ಎಂದು ಹೆಡ್ಡು ಹಿಂದೊಮ್ಮೆ ತಮಾಷೆಗೆ ಕೇಳಿದ್ದರು. ಅದಕ್ಕೆ ಸಾಹೇಬರು ಮುಂದಿನ ಫೈಲು ಕೇಳಿದ್ದರು. ಆಮೇಲೆ ಹೆಡ್ಡು ಆ ಮಾತು ಎತ್ತಲಿಲ್ಲ.

ಡೀಲರ್ ಬೆವರುತ್ತಿದ್ದ.

"ಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸಬೇಡಿ ಸಾರ್. ಆ ಕಾರು ಬಂಗಾರ."

"ಬಂಗಾರ ನಡುರಸ್ತೆಯಲ್ಲಿ ಯಾಕೆ ನಿಂತಿತು?"

"ಅದೇ ನನಗೂ ಗೊತ್ತಾಗ್ತಿಲ್ಲ. ಕಿವಿ ಮೇಸ್ತ್ರಿ ಪಾಸ್ ಮಾಡಿದ ಕಾರು ಅದು."

"ಯಾರದು?"

"ಮೆಕ್ಯಾನಿಕ್. ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳಿದ್ರೆ ಸಾಕು, ಕಾರಿನ ಜಾತಕವೇ ಹೇಳ್ತಾರೆ. ಹಳೇ ಕಾರು ತಗೊಳ್ಳೋರು ಮೊದಲು ಅವರ ಹತ್ರ ಹೋಗ್ತಾರೆ. ನಾನು ಹೇಳಿದ್ದನ್ನ ಯಾರೂ ನಂಬಲ್ಲ, ಅವರು ತಲೆ ಆಡಿಸಿದ್ರೆ ವ್ಯಾಪಾರ ಮುಗೀತು."

"ಕಾರು ಅವರ ಹತ್ರ ಎಷ್ಟು ಹೊತ್ತು ಇತ್ತು?"

"ಒಂದು ಇಡೀ ದಿನ. ಜನವರಿ ಹತ್ತೊಂಬತ್ತು."

ಮಾರಾಟದ ಜಾಹೀರಾತಿಗೆಂದು ಜನವರಿ ಆರರಂದು ತೆಗೆದ ಫೋಟೋಗಳನ್ನು ಡೀಲರ್ ಕೊಟ್ಟ. ಬಾನೆಟ್ ಎತ್ತಿ ತೆಗೆದದ್ದೂ ಅದರಲ್ಲಿತ್ತು. ಜೊತೆಗೆ ಮೇಸ್ತ್ರಿಯ ಕೈಬರಹದ ನಾಲ್ಕು ಪುಟದ ವರದಿ.

ಇನ್ಸ್‌ಪೆಕ್ಟರ್ ವರದಿಯನ್ನು ಜೀಪಿನಲ್ಲೇ ಓದಿದರು. ಮೀಟರ್ ತೋರಿಸುವ ಓಟಕ್ಕೂ ಪೆಡಲಿನ ರಬ್ಬರ್ ಸವೆತಕ್ಕೂ ತಾಳೆಯಾಗುತ್ತದೆ. ಸ್ಟೆಪ್ನಿ ಎತ್ತಿ ನೋಡಿದೆ, ಕೆಳಗೆ ತುಕ್ಕಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದೆ, ಹೊಗೆಯಿಲ್ಲ. ಒಬ್ಬನೇ ಮಾಲೀಕ, ಸರ್ವಿಸ್ ಪುಸ್ತಕ ಪೂರ್ತಿ ಇದೆ. ಕೊನೆಯಲ್ಲಿ ಒಂದು ಸಾಲು: "ಹಿಂದಿನ ಸೀಟಿನಲ್ಲಿ ನಾನೇ ಕಾಲು ಚಾಚಿ ಕೂತು ನೋಡಿದೆ, ಅಮ್ಮನವರಿಗೆ ತೊಂದರೆಯಾಗದು." ಇಷ್ಟು ಅಚ್ಚುಕಟ್ಟಾದ ವರದಿಯನ್ನು ಇನ್ಸ್‌ಪೆಕ್ಟರ್ ತಮ್ಮ ಇಲಾಖೆಯಲ್ಲೂ ಕಂಡಿರಲಿಲ್ಲ. ಈ ಮನುಷ್ಯನ ಬಗ್ಗೆ ಅವರಿಗೆ ಗೌರವ ಹುಟ್ಟಿತು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಇಬ್ಬರು ಪಂಚರ ಮುಂದೆ ಮೋಟಾರು ವಾಹನ ನಿರೀಕ್ಷಕರು ನುಜ್ಜುಗುಜ್ಜಾದ ಕಾರನ್ನು ಪರೀಕ್ಷಿಸಿದರು. ಪಂಚನಾಮೆ ಬರೆಯುತ್ತಿದ್ದ ಹೆಡ್ಡಿಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಂದು ಡಬ್ಬಿಯೊಂದನ್ನು ತೋರಿಸಿದರು.

"ರಿಲೇ. ಎಂಜಿನ್‌ಗೆ ಪೆಟ್ರೋಲ್ ಹತ್ತಿಸೋ ಪಂಪಿಗೆ ಕರೆಂಟು ಕೊಡೋದು ಇದೇ. ಇದರ ಲೋಹದ ಕಾಲುಗಳಲ್ಲಿ ಒಂದನ್ನ ಅರದಿಂದ ಉಜ್ಜಿ ತೆಳ್ಳಗೆ ಮಾಡಿದ್ದಾರೆ. ಬಿಸಿ ಏರಿದಾಗ ಕರೆಂಟು ತಪ್ಪುತ್ತೆ."

"ತಾನಾಗೇ ಸವೆದಿರಬಹುದಾ?"

"ಅರದ ಗೆರೆ ಕಾಣ್ತಿದೆಯಲ್ಲ. ಇನ್ನೊಂದು ವಿಷಯ, ಕಾರಿಗೆ ಏಳು ವರ್ಷ, ಇದರ ಮೇಲಿನ ಮುದ್ರೆಗೆ ಹನ್ನೊಂದು ವರ್ಷ. ಬೇರೆ ಯಾವುದೋ ಕಾರಿಂದು."

ಇನ್ಸ್‌ಪೆಕ್ಟರ್, ಡೀಲರ್ ಕೊಟ್ಟ ಫೋಟೋ ತೆಗೆದು ನೋಡಿದರು. ಅದೇ ಜಾಗದಲ್ಲಿ ಕಪ್ಪು ಡಬ್ಬಿ ಇತ್ತು. ಅಂದರೆ ಆರನೇ ತಾರೀಖಿನ ನಂತರ ಯಾರೋ ಬದಲಿಸಿದ್ದಾರೆ. ಡೀಲರ್‌ಗೆ ಅದರಿಂದ ಕಾಸಿನ ಲಾಭವಿಲ್ಲ. ಮೇಸ್ತ್ರಿಗೂ ಇಲ್ಲ. ಇನ್ಸ್‌ಪೆಕ್ಟರರಿಗೆ ತಲೆಬುಡ ಅರ್ಥವಾಗಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ, ವೈದ್ಯರ ಅನುಮತಿ ಪಡೆದು ಸರ್ವೇಯರ್‌ನ ಹೇಳಿಕೆ ಪಡೆದರು. ಹೊದಿಕೆ ಬಲಗಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ಇಬ್ಬರೂ ಅತ್ತ ನೋಡದೆ ಮಾತಾಡಿದರು.

"ಮೊದಲು ಏನಾದರೂ ತೊಂದರೆ ಕೊಟ್ಟಿತ್ತಾ?"

"ಗುರುವಾರದಿಂದ ಜರ್ಕ್ ಹೊಡೀತಿತ್ತು. ಶುಕ್ರವಾರ ಮೇಸ್ತ್ರಿಗೆ ಫೋನ್ ಮಾಡಿದೆ."

"ಏನಂದ್ರು?"

"ಏನೂ ಗಾಬರಿ ಬೇಡ, ಭಾನುವಾರ ಬನ್ನಿ, ಆರಾಮಾಗಿ ಕೂತು ನೋಡೋಣ ಅಂದ್ರು." ಅವನು ಉಸಿರು ಎಳೆದುಕೊಂಡ. "ಅವರನ್ನ ಇದಕ್ಕೆಲ್ಲ ಎಳೀಬೇಡಿ ಸಾರ್. ಪಾಪ, ದೇವರಂಥ ಮನುಷ್ಯ. ನನಗೋಸ್ಕರ ಐದು ತಿಂಗಳು ವಾರ ವಾರ ನನ್ನ ಜೊತೆ ಊರೆಲ್ಲಾ ಅಲೆದಿದ್ದಾರೆ."

ಗುರುವಾರ ಹೆಡ್ ಕಾನ್‌ಸ್ಟೇಬಲ್ ಫೋನ್ ಹಿಡಿದು ಕೂತರು. ಎರಡು ವರ್ಷದಲ್ಲಿ ಮೇಸ್ತ್ರಿ ಆರಿಸಿಕೊಟ್ಟ ಇನ್ನೂ ಏಳು ಕಾರುಗಳ ಪಟ್ಟಿ ಡೀಲರ್‌ಗಳಿಂದ ಸಿಕ್ಕಿತ್ತು. ಸಂಜೆ ನಾಲ್ಕಕ್ಕೆ ಅವರು ಕಾಗದ ಹಿಡಿದು ಒಳಗೆ ಬಂದಾಗ ಮುಖದಲ್ಲಿ ಎಂದಿನ ತುಂಟತನ ಇರಲಿಲ್ಲ.

"ಏಳರಲ್ಲಿ ಆರು ಕಾರು, ಕೊಂಡು ಒಂದೂವರೆ ಎರಡು ತಿಂಗಳಿಗೆ ಜರ್ಕ್ ಹೊಡೆದಿವೆ ಸಾರ್. ಆರೂ ಜನ ಮೇಸ್ತ್ರಿ ಹತ್ರ ಹೋಗಿದ್ದಾರೆ. ಹತ್ತು ನಿಮಿಷದ ಕೆಲಸ, ದುಡ್ಡು ಮುಟ್ಟಲಿಲ್ಲ ಅಂತಾರೆ ಎಲ್ಲರೂ. ಆದ್ರೆ ಯಾರನ್ನೂ ಮೂರು ಗಂಟೆ ಹೊತ್ತು ಆಗೋ ತನಕ ಬಿಟ್ಟಿಲ್ಲ. ಟೀ ಕೊಟ್ಟು ಕೂರಿಸಿ ಮಾತಾಡಿದ್ದಾರೆ."

"ಏಳನೆಯದು?"

"ಅವರು ನಿವೃತ್ತ ಪೋಸ್ಟ್ ಮಾಸ್ಟರ್. ಅವರ ಕಾರಿಗೆ ಇವತ್ತಿನವರೆಗೂ ಏನೂ ಆಗಿಲ್ಲ."

"ಅವರೇನು ವಿಶೇಷ?"

"ಏನಿಲ್ಲ ಸಾರ್. ಸ್ಕೂಟರ್ ಇದ್ದ ಕಾಲದಿಂದಲೂ ಟೈರಿಗೆ ಗಾಳಿ ತುಂಬಿಸೋ ನೆಪದಲ್ಲಿ ವಾರಕ್ಕೊಂದ್ಸಲ ತಾವಾಗೇ ಹೋಗ್ತಾರಂತೆ. ಹರಟೆ ಹೊಡೆದು ಬರ್ತಾರಂತೆ."

ಇನ್ಸ್‌ಪೆಕ್ಟರ್ ಕಾಗದ ತೆಗೆದುಕೊಂಡು ಮತ್ತೊಮ್ಮೆ ಓದಿದರು. ಕಾರಣ ಅವರಿಗೆ ಹೊಳೆದಿತ್ತು, ಹೊಳೆಯದೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು.

ಶುಕ್ರವಾರ, ಮಾರ್ಚ್ ಹದಿನೈದು. ಹತ್ತು ಗಂಟೆಗೆ ಪಂಚರೊಂದಿಗೆ ಗ್ಯಾರೇಜಿಗೆ ಹೋದರು. ಪಕ್ಕದ ಎರಡು ಗ್ಯಾರೇಜುಗಳಲ್ಲಿ ಗದ್ದಲವಿತ್ತು, ಇದರಲ್ಲಿ ರೇಡಿಯೋ ಮಾತ್ರ ಹಾಡುತ್ತಿತ್ತು. ಸ್ಪ್ಯಾನರುಗಳು ಅಳತೆಯ ಪ್ರಕಾರ ಗೋಡೆಯ ಮೇಲೆ ಸಾಲಾಗಿದ್ದವು. ಎರಡು ಕುರ್ಚಿಗಳು. ಒಂದಕ್ಕೆ ಗ್ರೀಸಿನ ಕಲೆ, ಇನ್ನೊಂದರ ಮೇಲೆ ಒಗೆದು ಮಡಚಿದ ಟವೆಲ್ಲು.

ಅರವತ್ತು ದಾಟಿದ, ಸಣಕಲು ದೇಹದ ಮನುಷ್ಯ ಎದ್ದು ನಿಂತ.

"ಬನ್ನಿ ಬನ್ನಿ. ಕೂತ್ಕೊಳ್ಳಿ ಸಾರ್. ಟೀ ಕುಡಿತೀರಾ?"

"ಬೇಡ. ಡ್ರಾಯರುಗಳನ್ನು ತೆಗೀಬೇಕು."

ಮೂರನೇ ಡ್ರಾಯರಿನಲ್ಲಿ ಕಾಗದದಲ್ಲಿ ಸುತ್ತಿದ ಕಪ್ಪು ರಿಲೇ ಸಿಕ್ಕಿತು. ಕಾಗದದ ಮೇಲೆ ಸರ್ವೇಯರ್‌ನ ಕಾರಿನ ನಂಬರು ಬರೆದಿತ್ತು. ಹತ್ತು ಐವತ್ತಕ್ಕೆ ಮಹಜರು ಮಾಡಿ ವಶಕ್ಕೆ ಪಡೆದರು.

"ಕಾರಿನ ಅಸಲಿ ರಿಲೇ ನಿಮ್ಮ ಹತ್ರ ಯಾಕಿದೆ?"

"ಭಾನುವಾರ ವಾಪಸ್ ಹಾಕೋಣ ಅಂತ ಇಟ್ಟಿದ್ದೆ."

ನಿರಾಕರಿಸುವ ಪ್ರಯತ್ನವನ್ನೇ ಅವನು ಮಾಡಲಿಲ್ಲ. ಕೆಟ್ಟ ರಿಲೇ ಒಂದೇ, ಹಿಂದಿನ ಆರು ಕಾರುಗಳಿಗೂ ಅದನ್ನೇ ಹಾಕಿ ತೆಗೆದದ್ದು ಎಂದ.

"ಯಾಕೆ ಮಾಡಿದ್ರಿ?"

ಮೇಸ್ತ್ರಿ ರೇಡಿಯೋ ಆಫ್ ಮಾಡಿದ.

"ಒಳ್ಳೆ ಕಾರು ಆರಿಸಿಕೊಟ್ರೆ ಜನ ಮತ್ತೆ ಬರಲ್ಲ ಸಾರ್. ಆರಿಸೋ ತನಕ ದಿನಾ ಫೋನು. ಇದು ನೋಡೋಣ್ವಾ, ಅದು ಹೆಂಗೆ, ಊಟ ಆಯ್ತಾ ಅಂತ ಕೂಡ ಕೇಳ್ತಾರೆ. ಕಾರು ಸಿಕ್ಕ ಮೇಲೆ ಮುಗೀತು. ಎದುರಿಗೆ ಸಿಕ್ರೆ ಹಾರ್ನ್ ಹೊಡೀತಾರೆ, ನಿಲ್ಲಿಸಲ್ಲ. ಹೆಂಡತಿ ಹೋಗಿ ಐದು ವರ್ಷ ಆಯ್ತು. ಕೆಲವು ದಿನ ಸಂಜೆ ಆದ್ರೂ ಬಾಯಿಂದ ಒಂದು ಮಾತು ಹೊರಗೆ ಬಂದಿರಲ್ಲ."

"ಸರ್ವೇಯರ್ ಪ್ರತಿ ವಾರ ಬರ್ತಿದ್ರಲ್ಲ."

"ಪ್ರತಿ ಭಾನುವಾರ. ಇಬ್ರೂ ಸೇರಿ ಹದಿನಾಲ್ಕು ಕಾರು ನೋಡಿದ್ವಿ. ಹದಿನೈದನೇದು ಚೆನ್ನಾಗಿತ್ತು. ಚೆನ್ನಾಗಿಲ್ಲ ಅಂತ ಸುಳ್ಳು ಹೇಳ್ಬಹುದಿತ್ತು. ಆದ್ರೆ ಅವರಮ್ಮ ಕಾಲು ಚಾಚಿ ಕೂರೋ ಜಾಗ ಅದೊಂದರಲ್ಲೇ ಇತ್ತು. ಬಾಯಿ ಬರಲಿಲ್ಲ."

"ಶುಕ್ರವಾರ ಫೋನ್ ಮಾಡಿದಾಗ ಓಡಿಸಬೇಡಿ ಅಂತ ಯಾಕೆ ಹೇಳಲಿಲ್ಲ?"

"ಜರ್ಕ್ ಹೊಡೆಯುತ್ತೆ ಅಷ್ಟೇ, ನಿಲ್ಲಲ್ಲ ಅಂದ್ಕೊಂಡೆ. ಆರು ಸಲವೂ ನಿಂತಿರಲಿಲ್ಲ."

"ಆದ್ರೂ ಹೇಳಬಹುದಿತ್ತು."

ಮೇಸ್ತ್ರಿ ಕುರ್ಚಿಯ ಮೇಲಿನ ಟವೆಲ್ಲನ್ನು ಮತ್ತೊಮ್ಮೆ ಮಡಚಿದ.

"ಓಡಿಸಬೇಡಿ ಅಂದಿದ್ರೆ ಯಾರದೋ ಕೈಲಿ ಎಳೆಸಿ ಕಳಿಸ್ತಿದ್ರು. ಕಾರು ಬರ್ತಿತ್ತು ಸಾರ್, ಅವರು ಬರ್ತಿರಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತರು. ಇನ್ಸ್‌ಪೆಕ್ಟರರಿಗೆ ಸಿಟ್ಟು ಬಂದಿತ್ತು. ಒಂದು ಮಧ್ಯಾಹ್ನದ ಹರಟೆಗಾಗಿ ಇವನು ಒಬ್ಬನ ಕಾಲು ಕಳೆದಿದ್ದಾನೆ. ಆದರೆ ಆ ಸಿಟ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ. ತಮ್ಮ ಕ್ವಾರ್ಟರ್ಸಿನ ಬೀಗ ತೆಗೆಯುವಾಗ ಒಳಗಿನಿಂದ ಬರುವ ಸದ್ದಿಲ್ಲದ ಗಾಳಿ ಅವರಿಗೂ ಗೊತ್ತಿತ್ತು. ಹನ್ನೊಂದು ಮೂವತ್ತಕ್ಕೆ ಮೇಸ್ತ್ರಿಯನ್ನು ಬಂಧಿಸಿದರು.

ಠಾಣೆಗೆ ಬಂದ ಮೇಲೆ ನರ್ಸ್‌ಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. "ಇಷ್ಟಕ್ಕಾ?" ಎಂದು ಫೋನ್ ಇಟ್ಟಳು. ಡೀಲರ್‌ನ ಹೆಸರನ್ನು ಪ್ರಕರಣದಿಂದ ಕೈಬಿಡಲು ವರದಿ ಬರೆದದ್ದಾಯಿತು.

ಬಂಧನ ಪತ್ರವನ್ನು ಹೆಡ್ ಕಾನ್‌ಸ್ಟೇಬಲ್ ತುಂಬುತ್ತಿದ್ದರು. ವಯಸ್ಸು, ವಿಳಾಸ, ಮೈಮೇಲಿನ ಗುರುತು. ಒಂಬತ್ತನೇ ಕಾಲಂಗೆ ಬಂದು ನಿಂತರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಸಂಬಂಧಿಕರು, ಸ್ನೇಹಿತರು, ಯಾರಾದ್ರೂ."

ಮೇಸ್ತ್ರಿ ಯೋಚಿಸಿದ.

"ಹೇಳಿದ್ರೆ ಅವರು ಇಲ್ಲಿಗೆ ಬಂದು ನೋಡ್ತಾರಾ?"

"ಬರೋದು ಬಿಡೋದು ಅವರಿಷ್ಟ. ತಿಳಿಸೋದು ನಮ್ಮ ಕೆಲಸ."

"ಹಂಗಾದ್ರೆ ಸರ್ವೇಯರ್ ಸಾಹೇಬ್ರಿಗೆ ತಿಳಿಸಿ."

ಹೆಡ್ಡಿನ ಪೆನ್ನು ಹಾಗೇ ನಿಂತಿತು. ಇನ್ಸ್‌ಪೆಕ್ಟರ್ ಮೇಜಿನಾಚೆಯಿಂದ ಮೆಲ್ಲಗೆ ಹೇಳಿದರು: "ಅವರನ್ನ ಬರೆಯೋಕಾಗಲ್ಲ ಮೇಸ್ತ್ರಿ. ಕಾಲು ಹೋಗಿರೋದು ಅವರದ್ದೇ."

"ಹೌದಲ್ವಾ," ಎಂದ ಮೇಸ್ತ್ರಿ.

"ಬೇರೆ ಯಾರು?"

ಅವನು ಬೆರಳು ಮಡಚಲು ಶುರುಮಾಡಿದ, ಒಂದನ್ನೂ ಪೂರ್ತಿ ಮಡಚಲಿಲ್ಲ. ಕೊನೆಗೆ ಹೆಡ್ ಕಾನ್‌ಸ್ಟೇಬಲ್ "ಯಾರೂ ಇಲ್ಲ" ಎಂದು ಬರೆದು ಕಾಗದ ಅವನ ಕಡೆ ತಿರುಗಿಸಿದರು. ಮೇಸ್ತ್ರಿ ಜೇಬಿನಿಂದ ಕನ್ನಡಕ ತೆಗೆದು, ಮೊದಲ ಸಾಲಿನಿಂದ ಬೆರಳಿಟ್ಟು ಓದುತ್ತ ಬಂದ. ಒಂಬತ್ತನೇ ಕಾಲಂ ಅನ್ನು ಎರಡು ಸಲ ಓದಿದ. ತಪ್ಪೇನೂ ಕಾಣಲಿಲ್ಲ, ಕೆಳಗೆ ಸಹಿ ಮಾಡಿದ.