ಕಾಲಸೂಜಿ ಕಲಿತ ಪಾಠ

ಇಂಚರಾ ಕಾಲಸೂಜಿಯನ್ನು ಶವದ ಪಕ್ಕದ ಮಣ್ಣಿಗೆ ಇಳಿಸಿ ಕಾದಳು. ದೇಹ ಕರಗುವಾಗ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಒಂದರ ಹಿಂದೊಂದು ಸರದಿಯಲ್ಲಿ ಹುಟ್ಟಿ ಸಾಯುತ್ತವೆ. ಆ ಸರದಿಯನ್ನು ಓದಿ ಸಾವು ಯಾವತ್ತು ಬಂತೆಂದು ಹೇಳುವ ಯಂತ್ರ ಅದು. ಪರದೆಯ ಮೇಲೆ ‘ಸೋಮವಾರ’ ಎಂದು ಮೂಡಿತು.

ಅವಳು ಮತ್ತೊಮ್ಮೆ ಓದಿದಳು. ಅಲ್ಲಿ ಮಲಗಿದ್ದ ಶರಣಪ್ಪ ಮಾಸ್ತರು ತೀರಿಕೊಂಡದ್ದು ಗುರುವಾರ. ಬುಧವಾರ ಫೋನಿನಲ್ಲಿ ಅವಳೊಂದಿಗೆ ನಕ್ಕು ಮಾತಾಡಿದ್ದರು.

ಕೊಪ್ಪಳದಾಚೆ ಬಂಡೆಗಳ ನಡುವೆ ಬೇಲಿ ಹಾಕಿದ ಆ ಬಯಲಿನಲ್ಲಿ, ದಾನವಾಗಿ ಬಂದ ದೇಹಗಳು ಬಿಸಿಲು ಗಾಳಿಗೆ ಮಣ್ಣಾಗುವ ಬಗೆಯನ್ನು ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಅವರ ಪ್ರಾಧ್ಯಾಪಕಿ ಡಾ. ವಿಶಾಲಾಕ್ಷಿ ತಾವು ಕಟ್ಟಿದ ಕಾಲಸೂಜಿಗೆ ಪಾಠ ಹೇಳಿದ್ದೂ ಇದೇ ದೇಹಗಳಿಂದ. ಈಗ ನ್ಯಾಯಾಲಯಗಳು ಅದರ ಮಾತು ಮೀರುತ್ತಿರಲಿಲ್ಲ. ಗೆಳೆಯನನ್ನು ಕೊಂದ ಆರೋಪದ ಮೇಲೆ ಜೈಲಿನಲ್ಲಿದ್ದ ಯಮನೂರನ ತೀರ್ಪು ಮಾರನೆಯ ದಿನವಿತ್ತು. ಅವನು ಗೆಳೆಯನೊಂದಿಗೆ ಕೆರೆದಂಡೆಗೆ ಹೋದದ್ದು ಒಂದು ಭಾನುವಾರ. ಸೋಮವಾರದಿಂದ ಹೆಂಡತಿಯ ಹೆರಿಗೆಗೆಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ. ದಿನಗಳ ಮೇಲೆ ಕೆರೆದಂಡೆಯಲ್ಲೇ ಶವವಾಗಿ ಸಿಕ್ಕ ಗೆಳೆಯನ ಸಾವು ಭಾನುವಾರವೇ ಎಂದು ಸೂಜಿ ಹೇಳಿತ್ತು.

ಸೂಜಿ ಕೆಟ್ಟಿರಬೇಕೆಂದು ಸಹಪಾಠಿ ಸಮೀರ್ ಇನ್ನೊಂದನ್ನು ತಂದ. ಅದೂ ಸೋಮವಾರ ಎಂದಿತು. ಹಾಗಾದರೆ ಮಾಸ್ತರ ದೇಹದಲ್ಲೇನು ಬೇರೆ?

ಇಂಚರಾಳಿಗೆ ಥಟ್ಟನೆ ಹೊಳೆಯಿತು. ಬಯಲಿಗೆ ಬಂದ ಪ್ರತಿ ದೇಹಕ್ಕೂ ವಿದ್ಯಾರ್ಥಿಗಳು ಅರಿಸಿನ ನೀರಿನ ಸ್ನಾನ ಮಾಡಿಸುತ್ತಿದ್ದರು. ಯಾವ ನಿಯಮವೂ ಹೇಳಿರಲಿಲ್ಲ. ಮೊದಲ ತಂಡದಿಂದ ನಡೆದು ಬಂದಿತ್ತು. ಮೈತೊಳೆಯದೆ ಕಳಿಸಿದ ಜೀವ ದಾರಿ ಕಾಣದೆ ಹೊಸಿಲು ಸುತ್ತುತ್ತಿರುತ್ತದೆಂದು ಅಜ್ಜಿಯ ಕತೆ ಕೇಳಿ ಬೆಳೆದ ಅವಳಿಗಂತೂ ಅದಿಲ್ಲದೆ ಮನಸ್ಸೊಪ್ಪುತ್ತಿರಲಿಲ್ಲ. ಮಾಸ್ತರು ಮಾತ್ರ ಬದುಕಿದ್ದಾಗಲೇ ಬಯಲು ನೋಡಲು ಬಂದು, “ನನಗ ಅರಿಷಿಣ ಹಚ್ಚಬ್ಯಾಡ್ರವಾ, ಮದಿಮಗ ಆಗೂ ವಯಸ್ಸಲ್ಲ ನಂದು,” ಎಂದಿದ್ದರು. ಅವರನ್ನು ಹಾಗೇ ಮಲಗಿಸಿದ್ದರು.

ಅವಳು ಓಡಿದಳು. ವಿಶಾಲಾಕ್ಷಿ ಊಟದ ಡಬ್ಬಿ ಬಿಚ್ಚುತ್ತಿದ್ದರು.

“ಮೇಡಂ, ಅರಿಷಿಣ ಸೂಕ್ಷ್ಮಜೀವಿ ತಡೀತೈತಿ, ನಮ್ಮ ದೇಹ ಎಲ್ಲಾ ನಿಧಾನ ಕೊಳೀತಾವ್ರಿ. ಸೂಜಿ ಅದನ್ನ ಸಹಜ ಅಂತ ಕಲತೈತಿ.”

ಕೆರೆದಂಡೆಯಲ್ಲಿ ಸಿಕ್ಕ ಯಮನೂರನ ಗೆಳೆಯನ ಮೈಗೆ ಯಾರೂ ಅರಿಸಿನ ಸವರಿರಲಿಲ್ಲ. ಅವನು ಬೇಗ ಕೊಳೆತಿದ್ದ; ಸೂಜಿ ಅವನ ಸಾವನ್ನು ಹಿಂದಕ್ಕೆ, ಭಾನುವಾರಕ್ಕೆ ತಳ್ಳಿತ್ತು.

ವಿಶಾಲಾಕ್ಷಿ ಒಪ್ಪಲಿಲ್ಲ. ಒಂದು ದೇಹ ನೋಡಿ ಏನನ್ನೂ ಹೇಳಲಾಗದು, ಇನ್ನಷ್ಟು ಪರೀಕ್ಷೆಯಾಗಬೇಕು, ವರ್ಷವಾದರೂ ಬೇಕು ಎಂದರು. ಮಾತಿನಲ್ಲಿ ಹುರುಪಿರಲಿಲ್ಲ.

“ಯಮನೂರಗ ನಾಳೆನ ತೀರ್ಪು ಐತ್ರಿ.”

ಡಬ್ಬಿಯ ಮುಚ್ಚಳ ಮತ್ತೆ ಹಾಕಿ ಅವರು ಸರ್ಕಾರಿ ವಕೀಲರಿಗೆ ಫೋನ್ ಮಾಡಿದರು. ತಮ್ಮ ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆಂದರು, ಕಾರಣ ಹೇಳಿದರು. ವಕೀಲರು ತಿರುಗಿ ಕೇಳಿದರು:

“ಇದೊಂದ ಕೇಸೇನ್ರಿ, ಹಿಂದಿನವೂ ಹಂಗನಾ?”

ವಿಶಾಲಾಕ್ಷಿ ಕಿಟಕಿಯಾಚೆ ನೋಡಿದರು. ಯಾರು ಯಾವತ್ತು ಸತ್ತರೆಂದು ಎಲ್ಲರೂ ಸೂಜಿಯನ್ನು ಕೇಳಿದ್ದರು. ಅದು ಯಾರನ್ನು ನೋಡಿ ಕಲಿತದ್ದೆಂದು ನ್ಯಾಯಾಧೀಶರು ಕೇಳಿರಲಿಲ್ಲ, ಪೊಲೀಸರು ಕೇಳಿರಲಿಲ್ಲ, ಕಟ್ಟಿದ ತಾವೂ ಕೇಳಿಕೊಂಡಿರಲಿಲ್ಲ. ಅದರ ಮಾತಿನ ಮೇಲೆ ಶಿಕ್ಷೆಯಾದವರು ಇನ್ನೂ ಒಳಗಿದ್ದರು.

“ಎಲ್ಲಾ ಕೇಸೂ ಮತ್ತ ತಗೀರಿ,” ಎಂದರು.