ಮಾವನವರ ಪೀಠ

“ಆ ಪಾತ್ರೆಯಲ್ಲಿ ಬೇಯುವುದು ಎಂತದು?”

ಪುಷ್ಪಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಅವರ ಸೊಸೆ ಬ್ರಾಹ್ಮಿ ಹಳೆಯ ಕುರ್ಚಿಯೊಂದರ ಕೈ ಬಿಚ್ಚಿಟ್ಟುಕೊಂಡು, ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿದ ಸಣ್ಣ ಡಬ್ಬಿಯಲ್ಲಿ ಕಂದು ಬಣ್ಣದ ಅಂಟನ್ನು ಕಡ್ಡಿಯಿಂದ ತಿರುಗಿಸುತ್ತಿದ್ದಳು. ಮರದ ಗೋಂದು ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಸಣ್ಣ ಸುಳ್ಳೂ ಆಗ ಅವಳ ಬಾಯಿಗೆ ಬರಲಿಲ್ಲ.

“ಸರೇಸು ಅತ್ತೆ. ಹಳೆ ಪೀಠೋಪಕರಣಕ್ಕೆ ಹಾಕುವ ಅಂಟು.”

“ಯಾವುದರಿಂದ ಮಾಡ್ತಾರೆ?”

“ಚರ್ಮ, ಎಲುಬು... ಬೇಯಿಸಿ ಮಾಡ್ತಾರೆ.”

ಪುಷ್ಪಾವತಿ ಕಿರುಚಲಿಲ್ಲ. ಕಿರುಚುವ ಅತ್ತೆಯಾಗಿದ್ದರೆ ಬ್ರಾಹ್ಮಿ ಸಹಿಸಿಕೊಳ್ಳುತ್ತಿದ್ದಳು. ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಅಂಗಳದಲ್ಲೇ ಕುಸಿದು ಕೂತರು. “ಸೂರ್ಯ ಮುಳುಗಿದ ಮೇಲೆ ಒಂದು ತೊಟ್ಟು ನೀರು ಕುಡಿಯದ ಮನೆ ಇದು. ಬಸದಿಗೂ ನಮಗೂ ನೂರು ಮಾರು ದೂರ ಇಲ್ಲ. ಇಲ್ಲಿ ನೀನು ಎಲುಬು ಬೇಯಿಸ್ತೀಯಾ ಬ್ರಾಹ್ಮಿ? ನೀನೂ ಜೈನರ ಮನೆಯಲ್ಲೇ ಹುಟ್ಟಿದವಳಲ್ವಾ?”

“ಹುಟ್ಟಿದವಳೇ. ಹಾಗಾಗಿಯೇ ಇದನ್ನು ಹೊಸಿಲು ದಾಟಿಸಿಲ್ಲ, ಮೀಯದೆ ಒಳಗೆ ಬಂದಿಲ್ಲ. ಹಿಂದಿನವರು ಸರೇಸು ಹಾಕಿ ಕೂಡಿಸಿದ ಮರಕ್ಕೆ ಬೇರೆ ಅಂಟು ಗಟ್ಟಿ ಹಿಡಿಯುವುದಿಲ್ಲ ಅತ್ತೆ. ನಿಮ್ಮ ಮಗ ಗೊಬ್ಬರದ ಅಂಗಡಿಯಲ್ಲಿ ಎಲುಬಿನ ಹುಡಿ ಮಾರ್ತಾರಲ್ಲ, ಅದಕ್ಕೆ ಎಂತ ಹೇಳ್ತೀರಿ?”

“ಅದು ಅಂಗಡಿ. ಇದು ಮನೆ.”

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಜಯೇಶನ ಎದುರು ಪಂಚಾಯ್ತಿಯಾಯಿತು. ಅವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ತನ್ನ ಬಟ್ಟಲು ನೋಡಿಕೊಂಡ. “ಬಿಡು ಮಾರಾಯ್ತಿ. ಬಾಟ್ಲಿಯಲ್ಲಿ ಬಿಳಿ ಅಂಟು ಸಿಗ್ತದಲ್ಲ, ಅದನ್ನೇ ಹಾಕು. ಕುರ್ಚಿಗೆ ಗೊತ್ತಾಗ್ತದಾ?”

ಕುರ್ಚಿಗೆ ಗೊತ್ತಾಗುತ್ತದೆ ಎಂದು ಅವನಿಗೆ ತಿಳಿಸಿ ಹೇಳುವುದರಲ್ಲಿ ಅರ್ಥವಿರಲಿಲ್ಲ. ಬ್ರಾಹ್ಮಿ ಸರೇಸಿನ ಕೆಲಸವನ್ನೆಲ್ಲ ಬೆಳುವಾಯಿಗೆ, ತನಗೆ ಕಸುಬು ಕಲಿಸಿದ ಧರ್ಣಪ್ಪ ಆಚಾರಿಯ ಕೊಟ್ಟಿಗೆಗೆ ಸಾಗಿಸಿದಳು. ವೇಣೂರಿನ ಮನೆಯಲ್ಲಿ ಬರೀ ಉಜ್ಜುವ, ಪಾಲಿಶ್ ಮಾಡುವ ಕೆಲಸ ಉಳಿಯಿತು. ಮದುವೆಯಾಗಿ ಮೂರು ವರ್ಷ. ಈ ಕೆಲಸವೊಂದನ್ನು ಬಿಡಿಸಬೇಡಿ ಎಂದು ಕೇಳಿಯೇ ಅವಳು ಈ ಮನೆಗೆ ಬಂದದ್ದು. ಅರ್ಧವಾದರೂ ಉಳಿಯಿತಲ್ಲ ಎಂದು ಹಲ್ಲು ಕಚ್ಚಿಕೊಂಡಳು.

ಹದಿನೈದು ದಿನ ಕಳೆದಿರಬೇಕು. ದೇವರ ಕೋಣೆಯಲ್ಲಿದ್ದ ಬೀಟೆಯ ಪೀಠದ ಒಂದು ಕಾಲು ಸಡಿಲವಾಗಿ ವಾಲಿತು. ಅದು ಬ್ರಾಹ್ಮಿಯ ಮಾವ ಅನಂತರಾಜರು ದಿನವೂ ಶಾಸ್ತ್ರ ಇಟ್ಟು ಓದುತ್ತಿದ್ದ ಪೀಠ. ಅವರು ತೀರಿಕೊಂಡು ಆರು ವರ್ಷವಾದರೂ ಪುಷ್ಪಾವತಿ ಬೆಳಗ್ಗೆ ಮಿಂದು ಬಂದು ಅದಕ್ಕೆ ಹಣೆ ಹಚ್ಚದೆ ಬಾಯಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಅವರೇ ಸೊಸೆಯನ್ನು ಕರೆದರು. ಎಷ್ಟೋ ದಿನಗಳ ಮೇಲೆ ದನಿ ಮೆತ್ತಗಾಗಿತ್ತು. “ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ನೀನೇ ಸರಿ ಮಾಡಿಕೊಡು. ಬಿಳಿ ಅಂಟಿನಲ್ಲಿ... ಆಯ್ತಾ?”

“ಆಯ್ತು ಅತ್ತೆ.”

ಆದಿತ್ಯವಾರ, ಅಂಗಡಿಗೆ ರಜೆ. ಜಯೇಶ ಪೀಠ ಹಿಡಿದುಕೊಂಡ. ಬ್ರಾಹ್ಮಿ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕಾಲಿನ ಬುಡಕ್ಕೆ ಸುತ್ತಿ ಕಾದಳು. ಕಾಲು ಗಂಟೆಯಲ್ಲಿ ಸಂದಿಯಿಂದ ಕಂದು ಲೋಳೆ ಜಿನುಗಿತು. ಮರಕ್ಕೆ ಒಂದು ಗೀರೂ ಬೀಳದೆ ಕಾಲು ಕೈಗೆ ಬಂತು. ಜೊತೆಗೆ ಸರೇಸಿನ ವಾಸನೆಯೂ ಬಂತು... ಜಯೇಶ ಹೆಂಡತಿಯನ್ನು ನೋಡಿದ.

“ನೀನು ಹಾಕಿದ್ದಾ?”

“ನಾನು ಇದನ್ನು ಮುಟ್ಟಿದ್ದೇ ಇವತ್ತು.”

ಅವಳು ಧರ್ಣಪ್ಪನಿಗೆ ಫೋನು ಮಾಡಿ ಇಬ್ಬರಿಗೂ ಕೇಳುವಂತೆ ಇಟ್ಟಳು. ಮುದುಕ ಆಚಾರಿ ತಡವರಿಸಲೂ ಇಲ್ಲ. “ಬೀಟೆ ಪೀಠ ಅಲ್ವಾ? ನಾನೇ ಕೂಡಿಸಿದ್ದು, ಹದಿನೆಂಟು ವರ್ಷ ಆಯ್ತು. ಅನಂತರಾಜ ಧಣಿಗಳು ಇದು ಎಂಥ ಅಂಟು ಅಂತ ಕೇಳಿದ್ರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಪೀಠದ ಕಾಲನ್ನು ಕೈಯಲ್ಲಿ ತಿರುಗಿಸಿ ನೋಡಿದ್ರು. ಆಮೇಲೆ, ಗಟ್ಟಿ ನಿಲ್ತದಾ ಅಂದ್ರು. ನಿಲ್ತದೆ ಅಂದೆ. ಹಾಗಾದ್ರೆ ಮಾಡು, ಮನೆಯಲ್ಲಿ ಹೇಳ್ಬೇಡ ಅಂದ್ರು. ಈಗ ನೀವು ಕೇಳಿದ್ರಿ, ಹೇಳಿದೆ ಅಷ್ಟೆ.”

ಜಯೇಶ ಫೋನು ಕಸಿದು ಆಫ್ ಮಾಡಿದ. “ಬ್ರಾಹ್ಮಿ, ನಿನ್ನ ಕಾಲಿಗೆ ಬೀಳ್ತೇನೆ. ಅಮ್ಮನಿಗೆ ಹೇಳ್ಬೇಡ. ಅವರು ಬದುಕಿ ಉಳಿಯುವುದಿಲ್ಲ.”

“ನಾನ್ಯಾಕೆ ಹೇಳಲಿ? ಹಳೆಯದನ್ನು ತೊಳೆದು ತೆಗೆದು ಬಿಳಿ ಅಂಟು ಹಾಕ್ತೇನೆ, ಮುಗೀತು.”

ಮುಗಿಯಲಿಲ್ಲ. ಪುಷ್ಪಾವತಿ ಬಾಗಿಲಲ್ಲಿ ನಿಂತಿದ್ದರು. ಫೋನಿನ ಮಾತು ಅವರಿಗೆ ಕೇಳಿಸಿರಲಿಲ್ಲ. ವಾಸನೆ ಮಾತ್ರ ಮೂಗಿಗೆ ತಪ್ಪಲಿಲ್ಲ. ಅವರು ಬಿಚ್ಚಿಟ್ಟ ಕಾಲನ್ನು ನೋಡಿದರು, ಸೊಸೆಯ ಬೆರಳಿಗೆ ಅಂಟಿದ ಕಂದು ಲೋಳೆಯನ್ನು ನೋಡಿದರು.

“ಅವರ ಪೀಠಕ್ಕೂ ಹಾಕಿದೆಯಾ...” ಎಂದರು. “ಕೈ ಮುಗಿದು ಕೇಳಿದ್ದೆನಲ್ಲ ನಿನ್ನ ಹತ್ತಿರ. ಮಾತು ಕೊಟ್ಟಿದ್ದೆಯಲ್ಲ. ನನ್ನ ಮೇಲಿನ ಹಟ ಸತ್ತವರ ಮೇಲೆ ತೀರಿಸಿಕೊಂಡೆಯಾ? ಹೇಳು, ನೀನೇ ಹಾಕಿದ್ದಾ?”

ಬ್ರಾಹ್ಮಿ ಗಂಡನತ್ತ ತಿರುಗಿದಳು. ಒಂದು ಮಾತು ಸಾಕಿತ್ತು. ಅಪ್ಪನ ಹೆಸರು ಎತ್ತುವುದೂ ಬೇಡ, ಅವಳಲ್ಲ ಅಮ್ಮ, ಇದು ಹಳೆಯದು ಎಂದಿದ್ದರೂ ಸಾಕಿತ್ತು. ಜಯೇಶ ಪೀಠದ ಹಲಗೆಯನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದ. ಮೂವತ್ತೈದು ವರ್ಷದ ಗಂಡಸು. ಸತ್ಯ ಅವಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ಎದುರಿಗೆ ನಿಂತಿದ್ದ ಆ ಮುದಿ ಜೀವದ ಹಣೆ ಕಣ್ಣಿಗೆ ಬಿತ್ತು. ಆರು ವರ್ಷದಿಂದ ದಿನಾ ಪೀಠಕ್ಕೆ ಹಚ್ಚಿದ ಹಣೆ. ತೀರಿಹೋದ ಗಂಡ ತನ್ನ ಹತ್ತಿರ ಏನನ್ನೂ ಮುಚ್ಚಿಟ್ಟವರಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ಬದುಕಿದ ಹೆಂಗಸು. ಈ ಮಾತು ಆಡಿದರೆ ನಾಳೆ ಬೆಳಗ್ಗೆ ಮಿಂದು ಬಂದು ಈಕೆ ಎಲ್ಲಿಗೆ ಹಣೆ ಹಚ್ಚಬೇಕು? ಗೆದ್ದು ತಾನು ಮಾಡುವುದಾದರೂ ಏನು?

“ಹೌದು ಅತ್ತೆ,” ಎಂದಳು ಬ್ರಾಹ್ಮಿ. “ನಾನೇ ಹಾಕಿದ್ದು.”

ಆಮೇಲೆ ಪುಷ್ಪಾವತಿ ಆಡಿದ ಮಾತುಗಳನ್ನು ಬರೆಯುವುದು ಬೇಡ. ಇನ್ನು ಮುಂದೆ ಅಡುಗೆಮನೆಗೂ ದೇವರ ಕೋಣೆಗೂ ಕಾಲಿಡಬಾರದು ಎಂದಾಯಿತು. ಮೈಲಿಗೆಯಾದ ಪೀಠ ಮನೆಯಲ್ಲಿರಬಾರದು ಎಂದೂ ಆಯಿತು. ಜಯೇಶ ಮೆಲ್ಲಗೆ, “ಬಚ್ಚಲ ಒಲೆಗೆ ಹಾಕುವ” ಎಂದ.

“ಬೇಡ,” ಎಂದರು ಪುಷ್ಪಾವತಿ, ಕಣ್ಣೊರೆಸಿಕೊಂಡು. “ಹಳೆ ಮರ. ಒಳಗೆ ಹುಳ ಇದ್ದರೆ? ಪಾಪ, ಬೆಂದು ಹೋಗ್ತವೆ. ಇವಳೇ ಎಲ್ಲಿಗಾದರೂ ತೆಗೆದುಕೊಂಡು ಹೋಗಲಿ.”

ಹುಳಕ್ಕಾದರೂ ಆ ಮನೆಯಲ್ಲಿ ಕರುಣೆ ಇತ್ತು. ಬ್ರಾಹ್ಮಿ ಉಳಿದ ಮೂರು ಕಾಲುಗಳನ್ನೂ ಬಿಸಿನೀರಲ್ಲಿ ಬಿಡಿಸಿ, ಹಲಗೆಯೊಂದಿಗೆ ಗೋಣಿಯಲ್ಲಿ ಕಟ್ಟಿ, ನಾಲ್ಕು ಸೀರೆ ಬ್ಯಾಗಿಗೆ ತುಂಬಿ ಬಸ್ಸು ಹತ್ತಿದಳು. ಪುತ್ತಿಗೆಯ ತವರಿಗೆ ಹೋದರೆ ಕಾರಣ ಹೇಳಬೇಕಾಗುತ್ತದೆ. ಹೇಳುವ ಹಾಗಿರಲಿಲ್ಲ. ಬೆಳುವಾಯಿಯಲ್ಲಿ ಧರ್ಣಪ್ಪನ ಮನೆಯ ಹತ್ತಿರ ಒಂದು ಕೋಣೆ ಹಿಡಿದಳು.

ಒಂದು ತಿಂಗಳ ಮೇಲೆ ಜಯೇಶ ಕೊಟ್ಟಿಗೆಗೆ ಬಂದ. ಸೊರಗಿದ್ದ. ಧರ್ಣಪ್ಪ ಅವನಿಗೆ ಚಾ ಕೊಟ್ಟು, ಬಾಗಿಲಾಚೆ ಹೋಗಿ ಉಳಿ ಮಸೆಯುತ್ತ ಕೂತ.

“ಅಮ್ಮ ಸ್ವಲ್ಪ ತಣ್ಣಗಾಗಿದ್ದಾರೆ,” ಎಂದ ಜಯೇಶ. “ತಪ್ಪಾಯ್ತು ಅಂತ ಒಂದು ಮಾತು ಹೇಳು. ಈ ಕೆಲಸ ಬಿಟ್ಟೆ ಅಂತ ಬಸದಿಯಲ್ಲಿ ನೇಮ ತೆಗೆದುಕೋ. ಮನೆಗೆ ಸೇರಿಸ್ತಾರೆ.”

“ಮಾಡದ ತಪ್ಪನ್ನು ಒಪ್ಪಿಕೊಂಡದ್ದು ಸಾಕಾಗಲಿಲ್ವಾ? ಕೈಯನ್ನೂ ಕಡಿದು ಕೊಡಬೇಕಾ?”

“ನನ್ನ ಕಷ್ಟ ನಿನಗೆ ಅರ್ಥ ಆಗುವುದಿಲ್ಲ.”

“ಆಗ್ತದೆ. ನಾನು ಸುಳ್ಳು ಹೇಳಿದ್ದು ಅವರಿಗೋಸ್ಕರ. ಅದಕ್ಕೆ ಬೇಜಾರಿಲ್ಲ. ಆದರೆ ಆವತ್ತು ನೀವು ಬಾಯಿ ಮುಚ್ಚಿ ನಿಂತದ್ದು ಅವರಿಗೋಸ್ಕರ ಅಲ್ಲ. ಅಮ್ಮನಿಗೆ ಒಳ್ಳೆಯ ಮಗ ಆಗಿ ಉಳಿಯಬೇಕಿತ್ತು ನಿಮಗೆ. ಉಳಿದಿರಿ.”

ಜಯೇಶ ಚಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದ.

“ಹಾಗಾದ್ರೆ ಅಮ್ಮನಿಗೆ ಎಂತ ಹೇಳಲಿ?”

“ಸತ್ಯ ಹೇಳುವುದಾದರೆ ನೀವೇ ಹೇಳಿ, ನಾನು ಇವತ್ತೇ ಜೊತೆಗೆ ಬರ್ತೇನೆ. ಸುಳ್ಳು ಸಾಕೆಂದರೆ, ನಾನು ಹೇಳಿದ್ದೇ ಉಂಟಲ್ಲ. ಅದನ್ನೇ ಮುಂದುವರಿಸಿ.”

ಅವಳು ಕಾದಳು. ಒಂದು ನಿಮಿಷ ನಿಜವಾಗಿಯೂ ಕಾದಳು... ಅವನ ತುಟಿ ಏನೋ ಹೇಳಲು ಅಲುಗಿದ್ದನ್ನೂ ಕಂಡಳು.

ಜಯೇಶ ಲೋಟ ಕೆಳಗಿಟ್ಟು ಎದ್ದ. ಅವಳ ಕಡೆ ನೋಡದೆ, ಬಾಗಿಲಾಚೆ ಕೂತಿದ್ದ ಧರ್ಣಪ್ಪನನ್ನು ಕೇಳಿದ.

“ವೇಣೂರು ಕಡೆಗೆ ಈಗ ಬಸ್ಸು ಉಂಟಾ?”